ಎರಡು ಸಾವಿರದೊಳಗಿನ ಇಯರ್‌ಬಡ್: ಕಿವಿಗಿಟ್ಟು, ಕೇಳಿ, ಲೆಕ್ಕ ಹಾಕಿ ಆರಿಸುವುದು ಹೇಗೆ?

ಎರಡು ವರ್ಷದ ಹಿಂದೆ ಅಮ್ಮನಿಗೆ ಒಂದು ಜೊತೆ ಇಯರ್‌ಬಡ್ ಕೊಡಿಸಿದ್ದೆ. ಬೆಲೆ 1,300 ರೂಪಾಯಿ. ನಾನು ಹಾಕಿ ನೋಡಿದಾಗ ಸೌಂಡ್ ಚೆನ್ನಾಗಿಯೇ ಇತ್ತು. ಅಮ್ಮ ಮಾತ್ರ "ಹಾಡು ಡಬ್ಬದೊಳಗಿಂದ ಬಂದ ಹಾಗಿದೆ ಕಣೋ, ಮೃದಂಗವೇ ಕೇಳಿಸಲ್ಲ" ಎಂದರು. ವಾಪಸ್ ಕಳಿಸೋಣ ಎಂದುಕೊಂಡೆ. ಆಮೇಲೆ ಅವರ ಕಿವಿಯನ್ನು ಹತ್ತಿರದಿಂದ ನೋಡಿದೆ. ಕಿವಿಯ ತೂತು ಸಣ್ಣದು. ನಡುಗಾತ್ರದ ರಬ್ಬರ್ ಟಿಪ್ ಒಳಗೆ ಹೋಗದೆ ಅಂಚಿನಲ್ಲೇ ನಿಂತಿತ್ತು. ಪೆಟ್ಟಿಗೆಯ ಮೂಲೆಯಲ್ಲಿದ್ದ ಚಿಕ್ಕ ಟಿಪ್ ತೆಗೆದು ಹಾಕಿದೆ. ಅದೇ ಬಡ್, ಅದೇ ಫೋನ್, ಅದೇ ಹಾಡು. ಮೃದಂಗ ಬಂತು.

ಅದಕ್ಕೇ ಈ ಬರಹದಲ್ಲಿ ಸೌಂಡ್‌ಗಿಂತ ಮೊದಲು ಕಿವಿಯ ಮಾತು ಬರುತ್ತದೆ. ಬಡ್ ಸರಿಯಾಗಿ ಕೂರದಿದ್ದರೆ ಅದರ ಸೌಂಡ್ ಬಗ್ಗೆ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಹೇಳಲು ಆಗುವುದಿಲ್ಲ. ಬಡ್ ಕೈಗೆ ಬಂದ ಮೇಲೆ ವಾಪಸ್ ಕೊಡಲು ಇಲ್ಲವೇ ಬದಲಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವಾರದ ಅವಕಾಶ ಇರುತ್ತದೆ. ಆ ವಾರದಲ್ಲಿ ಮಾಡಬೇಕಾದ ಪರೀಕ್ಷೆಗಳನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ.

ಹಂತ 1: ಯಾವುದಕ್ಕೆ ಬೇಕು ಅಂತ ಮೊದಲು ತೀರ್ಮಾನಿಸಿ

ದಿನಕ್ಕೆ ಮೂರು ಗಂಟೆ ಆಫೀಸ್ ಕಾಲ್‌ನಲ್ಲಿ ಇರುವವರಿಗೆ ಒಳ್ಳೆಯ ಮೈಕ್ ಬೇಕು, ಕಿವಿ ನೋಯದಂಥ ಆಕಾರ ಬೇಕು. ಬಿಎಂಟಿಸಿ ಬಸ್ಸಿನಲ್ಲಿ ಹಾಡು ಕೇಳುವವರಿಗೆ ಹೊರಗಿನ ಸದ್ದು ತಡೆಯುವ ಬಡ್ ಬೇಕು. ಗೇಮ್ ಆಡುವ ಹುಡುಗರಿಗೆ ಸದ್ದು ತಡವಾಗಿ ಬರಬಾರದು. ಎರಡು ಸಾವಿರದೊಳಗೆ ಇವೆಲ್ಲವೂ ಒಂದೇ ಬಡ್‌ನಲ್ಲಿ ಸಿಗುವುದು ಕಷ್ಟ. ಒಂದನ್ನು ಮುಖ್ಯ ಮಾಡಿಕೊಳ್ಳಿ.

ಆಕಾರದಲ್ಲಿ ಎರಡು ಬಗೆ. ರಬ್ಬರ್ ಟಿಪ್ ಇದ್ದು ಕಿವಿಯೊಳಗೆ ಕೂರುವುದು ಇನ್-ಇಯರ್. ಟಿಪ್ ಇಲ್ಲದೆ ಕಿವಿಯ ಬಟ್ಟಲಿನಲ್ಲಿ ನಿಲ್ಲುವುದು ಹಾಫ್ ಇನ್-ಇಯರ್. ಎರಡನೆಯದು ಹಗುರ, ಗಂಟೆಗಟ್ಟಲೆ ಹಾಕಿಕೊಂಡರೂ ಕಿವಿ ತುಂಬಿದ ಹಾಗೆ ಅನಿಸುವುದಿಲ್ಲ, ಮನೆಯಲ್ಲಿ ಕಾಲಿಂಗ್ ಬೆಲ್ ಆದರೆ ಕೇಳಿಸುತ್ತದೆ. ಆದರೆ ಬಸ್ಸಿನಲ್ಲಿ ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ. ಆಗ ನೀವು ವಾಲ್ಯೂಮ್ ಏರಿಸುತ್ತೀರಿ. ಕಿವಿಗೆ ಅದು ಒಳ್ಳೆಯದಲ್ಲ.

ಹಾಡು ಕೇಳುವುದೇ ಮುಖ್ಯ, ದುಡ್ಡು ಕಡಿಮೆ ಎನ್ನುವವರಿಗೆ ನನ್ನ ಸಲಹೆ ವೈರ್ ಇರುವ ಇಯರ್‌ಫೋನ್. ಸಾವಿರ ರೂಪಾಯಿಯ ವೈರ್‌ಲೆಸ್ ಬಡ್‌ನಲ್ಲಿ ಎರಡು ಸಣ್ಣ ಬ್ಯಾಟರಿ, ಕೇಸ್, ಕೇಸಿಗೊಂದು ಬ್ಯಾಟರಿ, ಬ್ಲೂಟೂತ್ ಚಿಪ್, ಮೈಕ್ ಎಲ್ಲಕ್ಕೂ ದುಡ್ಡು ಹಂಚಿಹೋಗುತ್ತದೆ. ವೈರ್ ಇಯರ್‌ಫೋನ್‌ನಲ್ಲಿ ಅದು ಸೌಂಡ್‌ಗೆ ಹೋಗುತ್ತದೆ. ಚಾರ್ಜ್ ಚಿಂತೆಯಿಲ್ಲ, ಸದ್ದು ತಡವಾಗುವುದಿಲ್ಲ. ಕೇಬಲ್ ಬಿಚ್ಚಲು ಬರುವ ಮಾದರಿಯಾದರೆ ವೈರ್ ತುಂಡಾದಾಗ ಹೊಸ ಕೇಬಲ್ ಹಾಕಿದರೆ ಸಾಕು. ಫೋನಿನಲ್ಲಿ 3.5 ಎಂಎಂ ಜ್ಯಾಕ್ ಇಲ್ಲದಿದ್ದರೆ ಒಂದು ಯುಎಸ್‌ಬಿ-ಸಿ ಡಾಂಗಲ್ ಬೇಕಾಗುತ್ತದೆ. ಎಲ್ಲ ಡಾಂಗಲ್ ಎಲ್ಲ ಫೋನಿಗೂ ಕೆಲಸ ಮಾಡುವುದಿಲ್ಲ. ಒಳಗೆ ಡ್ಯಾಕ್ ಚಿಪ್ (ಫೋನಿನ ಡಿಜಿಟಲ್ ಸಂಕೇತವನ್ನು ಇಯರ್‌ಫೋನ್‌ಗೆ ಬೇಕಾದ ಸದ್ದಿನ ಸಂಕೇತವಾಗಿಸುವ ಚಿಪ್) ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಹಂತ 2: ಪೆಟ್ಟಿಗೆಯ ಮೇಲಿನ ಮಾತನ್ನು ಬಿಡಿಸಿ ಓದಿ

ಜಾಸ್ತಿ ಜನ ಮೋಸ ಹೋಗುವುದು ಮೂರಕ್ಷರದ ಎರಡು ಪದಗಳಲ್ಲಿ: ಇಎನ್‌ಸಿ ಮತ್ತು ಎಎನ್‌ಸಿ. ಇಎನ್‌ಸಿ ಕೆಲಸ ಮಾಡುವುದು ಮೈಕ್‌ನಲ್ಲಿ. ನೀವು ಮಾತಾಡುವಾಗ ನಿಮ್ಮ ಸುತ್ತಲಿನ ಗಲಾಟೆ ಆ ಕಡೆಯವರಿಗೆ ಕಡಿಮೆ ಕೇಳಿಸಲಿ ಅಂತ. ನಿಮ್ಮ ಕಿವಿಗೆ ಬೀಳುವ ಗಲಾಟೆಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಕಿವಿಗೆ ಸದ್ದು ಕಡಿಮೆ ಮಾಡುವುದು ಎಎನ್‌ಸಿ. "ನಾಯ್ಸ್ ಕ್ಯಾನ್ಸಲಿಂಗ್" ಎಂದಷ್ಟೇ ದೊಡ್ಡದಾಗಿ ಬರೆದಿದ್ದರೆ ಪೆಟ್ಟಿಗೆ ತಿರುಗಿಸಿ ಯಾವುದು ಅಂತ ನೋಡಿ.

"50 ಗಂಟೆ ಪ್ಲೇಟೈಮ್" ಎಂದರೆ ಕೇಸಿನಲ್ಲಿಟ್ಟು ಮತ್ತೆ ಮತ್ತೆ ಚಾರ್ಜ್ ಮಾಡಿದ್ದೂ ಸೇರಿದ ಒಟ್ಟು ಲೆಕ್ಕ. ನಿಮಗೆ ಬೇಕಾದದ್ದು ಒಂದು ಚಾರ್ಜ್‌ಗೆ ಬಡ್ ಎಷ್ಟು ಗಂಟೆ ಓಡುತ್ತದೆ ಅನ್ನುವುದು. ಅದೂ ಸಾಮಾನ್ಯವಾಗಿ ಅರ್ಧ ವಾಲ್ಯೂಮ್‌ನಲ್ಲಿ ಅಳೆದದ್ದು.

ಡ್ರೈವರ್ (ಬಡ್‌ನೊಳಗಿನ ಪುಟ್ಟ ಸ್ಪೀಕರ್) 10 ಎಂಎಂ, 13 ಎಂಎಂ ಅನ್ನುವುದಕ್ಕೆ ಬೆಲೆ ಕೊಡಬೇಡಿ. ಡ್ರೈವರ್ ದೊಡ್ಡದಾದ ಮಾತ್ರಕ್ಕೆ ಸೌಂಡ್ ಒಳ್ಳೆಯದಾಗುವುದಿಲ್ಲ. ಅದನ್ನು ಹೇಗೆ ಟ್ಯೂನ್ ಮಾಡಿದ್ದಾರೆ ಅನ್ನುವುದೇ ಮುಖ್ಯ. "20 ಹರ್ಟ್ಸ್‌ನಿಂದ 20,000 ಹರ್ಟ್ಸ್" ಅನ್ನುವುದೂ ಅಷ್ಟೇ. ಅದು ಮನುಷ್ಯನ ಕಿವಿ ಕೇಳುವ ವ್ಯಾಪ್ತಿ. ಎಲ್ಲರೂ ಅದನ್ನೇ ಅಚ್ಚು ಹಾಕುತ್ತಾರೆ. ಕೋಡೆಕ್ (ಸದ್ದನ್ನು ಕುಗ್ಗಿಸಿ ಬ್ಲೂಟೂತ್‌ನಲ್ಲಿ ಕಳಿಸುವ ಬಗೆ) ವಿಷಯದಲ್ಲಿ ಎಸ್‌ಬಿಸಿ ಎಲ್ಲದರಲ್ಲೂ ಇರುತ್ತದೆ, ಜೊತೆಗೆ ಎಎಸಿ ಇದ್ದರೆ ಐಫೋನ್‌ನವರಿಗೆ ಒಳ್ಳೆಯದು. ಈ ಬೆಲೆಯಲ್ಲಿ ಕೋಡೆಕ್‌ಗಿಂತ ರಬ್ಬರ್ ಟಿಪ್ ತರುವ ವ್ಯತ್ಯಾಸ ದೊಡ್ಡದು.

ನೀರಿನ ಅಂಕಿ ಮಾತ್ರ ಉಪಯೋಗದ್ದು. ಐಪಿಎಕ್ಸ್4 ಎಂದರೆ ಯಾವ ದಿಕ್ಕಿನಿಂದ ನೀರು ಚಿಮ್ಮಿದರೂ ತಡೆಯುತ್ತದೆ. ಬೆವರಿಗೆ, ತುಂತುರು ಮಳೆಗೆ ಸಾಕು. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ. ಇದು ಬಡ್‌ಗೆ ಹೇಳಿದ್ದು, ಸಾಮಾನ್ಯವಾಗಿ ಕೇಸಿಗೆ ಅಲ್ಲ. ಒದ್ದೆ ಬಡ್ಡನ್ನು ಒರೆಸದೆ ಕೇಸಿಗೆ ಹಾಕಬೇಡಿ.

ಇನ್ನೊಂದು ಕೆಲಸ. ಭಾರತದಲ್ಲಿ ಮಾರುವ ವೈರ್‌ಲೆಸ್ ಇಯರ್‌ಫೋನ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಬೇಕು. ಪೆಟ್ಟಿಗೆಯ ಮೇಲೆ ಬಿಐಎಸ್ ಗುರುತಿನ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಯದ್ದು ಅಂತ ಬರುತ್ತದೆ. ತಯಾರಕರ ಅಥವಾ ಆಮದುದಾರರ ವಿಳಾಸ, ಎಂಆರ್‌ಪಿ, ತಯಾರಾದ ತಿಂಗಳು ಇವೂ ಇರಬೇಕು. ಇವೊಂದೂ ಇಲ್ಲದ ಪೆಟ್ಟಿಗೆಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಕಿವಿಯೊಳಗೆ ಇಟ್ಟುಕೊಳ್ಳುವ ಬ್ಯಾಟರಿ ಅದು.

ಹಂತ 3: ವಾಪಸ್ ಕೊಡುವ ದಾರಿ ನೋಡಿಕೊಂಡು ಕೊಳ್ಳಿ

ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನಲ್ಲೋ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲೋ ಕಡಿಮೆಗೆ ಸಿಗುತ್ತದೆ. ಅಲ್ಲಿ ಕೊಳ್ಳುವುದು ತಪ್ಪಲ್ಲ. ಬಿಲ್ ಕೇಳಿ, ಎದುರಿಗೇ ತೆರೆಸಿ, ನಿಮ್ಮ ಫೋನಿಗೆ ಜೋಡಿಸಿ ಎರಡೂ ಕಡೆ ಸದ್ದು ಬರುತ್ತದಾ ನೋಡಿ. ಬಿಲ್ ಇಲ್ಲದಿದ್ದರೆ ವಾರಂಟಿಯೂ ಇಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ 'ರಿಟರ್ನ್' ಇದೆಯಾ, 'ರಿಪ್ಲೇಸ್‌ಮೆಂಟ್' ಮಾತ್ರವಾ ಅಂತ ಮೊದಲೇ ಓದಿ. ಕಿವಿಯೊಳಗೆ ಹಾಕುವ ವಸ್ತು ಆದ್ದರಿಂದ ಹಲವು ಕಡೆ ದುಡ್ಡು ವಾಪಸ್ ಇರುವುದಿಲ್ಲ. ಹಾಳಾಗಿದ್ದರೆ ಅದೇ ಮಾದರಿಯ ಇನ್ನೊಂದನ್ನು ಕೊಡುತ್ತಾರೆ. ಹಾಗಿದ್ದರೆ "ನನ್ನ ಕಿವಿಗೆ ಕೂರಲಿಲ್ಲ" ಅನ್ನುವುದು ಕಾರಣ ಆಗುವುದಿಲ್ಲ. ವಿಮರ್ಶೆಗಳಲ್ಲಿ ಮೂರು ಸ್ಟಾರ್ ಕೊಟ್ಟವರದ್ದನ್ನು ಓದಿ. ಅದರಲ್ಲೂ ಕೆಲವು ತಿಂಗಳು ಬಳಸಿ ಬರೆದವರದ್ದನ್ನು. ಒಂದು ಕಡೆ ಸದ್ದು ನಿಂತಿತು, ಕೇಸ್ ಚಾರ್ಜ್ ಆಗುತ್ತಿಲ್ಲ ಅನ್ನುವ ಮಾತು ಮತ್ತೆ ಮತ್ತೆ ಕಂಡರೆ ಆ ಮಾದರಿಯನ್ನು ಬಿಡಿ.

ಹಂತ 4: ಕಿವಿಗೆ ಕೂರಿಸಿ

ಮೊದಲ ದಿನ ಹಾಡು ಹಾಕುವ ಮುಂಚೆ ಇದನ್ನು ಮಾಡಿ. ಬಲಗಿವಿಯನ್ನು ಎಡಗೈಯಿಂದ ತಲೆಯ ಹಿಂದಿನಿಂದ ಹಿಡಿದು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಕಿವಿಯ ದಾರಿ ನೇರವಾಗುತ್ತದೆ. ಬಲಗೈಯಿಂದ ಬಡ್ ಇಟ್ಟು ಮೆಲ್ಲಗೆ ತಿರುಗಿಸಿ ಕೂರಿಸಿ. ಎಡಗಿವಿಗೂ ಹಾಗೆಯೇ.

ಈಗ ಬಾಯಿ ಮುಚ್ಚಿ "ಮ್‌ಮ್‌ಮ್" ಎನ್ನಿ. ನಿಮ್ಮ ದನಿ ತಲೆಯೊಳಗೆ ಗುಂ ಅಂತ ದಪ್ಪವಾಗಿ ಕೇಳಿಸಿದರೆ ಗಾಳಿ ಸೋರುತ್ತಿಲ್ಲ ಅಂತ ಅರ್ಥ. ಒಂದು ಕಡೆ ಮಾತ್ರ ಗುಂ ಅಂದರೆ ಇನ್ನೊಂದು ಕಡೆಯ ಟಿಪ್ ಬದಲಿಸಿ. ಎರಡು ಕಿವಿಯ ಅಳತೆ ಒಂದೇ ಇರಬೇಕಾಗಿಲ್ಲ. ನನಗೆ ಬಲಕ್ಕೆ ನಡುಗಾತ್ರ, ಎಡಕ್ಕೆ ಚಿಕ್ಕದು. ಪೆಟ್ಟಿಗೆಯಲ್ಲಿ ಬಂದ ಮೂರೂ ಗಾತ್ರ ಹಾಕಿ ನೋಡದೆ ಯಾರೂ ತೀರ್ಪು ಕೊಡಬೇಡಿ.

ಗಾಳಿ ಸೋರಿದರೆ ಮೊದಲು ಹೋಗುವುದು ಬೇಸ್, ಅಂದರೆ ಕೆಳಗಿನ ದಪ್ಪ ಸ್ವರಗಳು. ಅಮ್ಮನಿಗೆ ಮೃದಂಗ ಕಾಣೆಯಾಗಿದ್ದು ಇದಕ್ಕೇ. ತೀರಾ ದೊಡ್ಡ ಟಿಪ್ ಹಾಕಿದರೆ ಇನ್ನೊಂದು ತೊಂದರೆ: ಅರ್ಧ ಗಂಟೆಗೆ ಕಿವಿಯ ಒಳಗೋಡೆ ನೋಯಲು ಶುರುವಾಗುತ್ತದೆ. ಯಾವ ರಬ್ಬರೂ ಹೊಂದದಿದ್ದರೆ ಫೋಮ್ ಟಿಪ್ ಬೇರೆಯಾಗಿ ಸಿಗುತ್ತದೆ. ಬೆರಳಲ್ಲಿ ಒತ್ತಿ ಸಣ್ಣದು ಮಾಡಿ ಕಿವಿಗಿಟ್ಟರೆ ಅದು ಉಬ್ಬಿ ಕಿವಿಯ ಆಕಾರಕ್ಕೆ ಬರುತ್ತದೆ. ಕೊಳ್ಳುವ ಮುಂಚೆ ಅದನ್ನು ಹಾಕಿದ ಮೇಲೂ ನಿಮ್ಮ ಕೇಸಿನ ಮುಚ್ಚಳ ಮುಚ್ಚುತ್ತದೆಯೇ ಅಂತ ಯೋಚಿಸಿ.

ಕೂತಿದ್ದು ನಿಲ್ಲುತ್ತದಾ? ಒಂದು ಚಕ್ಕುಲಿ ತಿನ್ನಿ. ದವಡೆ ಆಡಿದಾಗ ಕಿವಿಯ ದಾರಿಯ ಆಕಾರ ಬದಲಾಗುತ್ತದೆ, ಸಡಿಲ ಬಡ್ ಮೆಲ್ಲಗೆ ಹೊರಗೆ ಜಾರುತ್ತದೆ. ಆಮೇಲೆ ಮೆಟ್ಟಿಲು ಹತ್ತಿ ಇಳಿಯಿರಿ, ಬಗ್ಗಿ ಶೂ ಲೇಸ್ ಕಟ್ಟಿ. ಇಷ್ಟರಲ್ಲಿ ಎರಡು ಸಲ ಸರಿಪಡಿಸಿಕೊಳ್ಳಬೇಕಾಯಿತು ಅಂದರೆ ಬಸ್ಸಿಗೆ ಓಡುವಾಗ ಅದು ರಸ್ತೆಗೇ ಬೀಳುತ್ತದೆ.

ಹಂತ 5: ಸೌಂಡ್ ಕೇಳಿ

ಸದ್ದಿಲ್ಲದ ಕೋಣೆ. ಫೋನಿನ ಈಕ್ವಲೈಜರ್ (ಸ್ವರಗಳನ್ನು ಏರಿಳಿಸುವ ಸೆಟ್ಟಿಂಗ್), ಬೇಸ್ ಬೂಸ್ಟ್ ಎಲ್ಲ ಆಫ್. ವಾಲ್ಯೂಮ್ ಅರ್ಧ. ನಿಮಗೆ ಬಾಯಿಪಾಠ ಆಗಿರುವ ನಾಲ್ಕೈದು ಹಾಡು ಆರಿಸಿ. ಹೊಸ ಹಾಡು ಬೇಡ, ಅದು ಹೇಗೆ ಕೇಳಿಸಬೇಕು ಅಂತ ನಿಮಗೇ ಗೊತ್ತಿರುವುದಿಲ್ಲ.

ನಾನು ಮಾತಿನಿಂದ ಶುರು ಮಾಡುತ್ತೇನೆ. ಆಕಾಶವಾಣಿ ವಾರ್ತೆಯೋ, ನೀವು ದಿನಾ ಕೇಳುವ ಒಂದು ದನಿಯೋ ಹಾಕಿ. ಮನುಷ್ಯರ ದನಿ ನಮಗೆ ಹುಟ್ಟಿನಿಂದ ಗೊತ್ತು, ಸ್ವಲ್ಪ ತಪ್ಪಿದರೂ ಕಿವಿ ಹಿಡಿಯುತ್ತದೆ. ಓದುವವರು ಮಡಕೆಯೊಳಗೆ ಬಾಯಿಟ್ಟು ಮಾತಾಡಿದ ಹಾಗಿದೆಯಾ? ಬೇಸ್ ದನಿಯ ಮೇಲೆ ಏರಿ ಕೂತಿದೆ ಅಂತ ಅರ್ಥ. ಮೂಗು ಕಟ್ಟಿದ ಹಾಗೆ, ಹಳೆ ಟೆಲಿಫೋನ್ ಹಾಗೆ ತೆಳ್ಳಗಿದೆಯಾ? ಕೆಳಗಿನ ಸ್ವರಗಳು ಕಡಿಮೆ. ಬೆಲೆ–ಬೆಳೆ, ಹಾಲು–ಹಾಳು ಇಂಥ ಪದಗಳಲ್ಲಿ ಲ, ಳ ಯೋಚಿಸದೆ ಬೇರೆ ಬೇರೆಯಾಗಿ ಕೇಳಬೇಕು. ಸ, ಶ, ಚ ಬಂದಾಗಲೆಲ್ಲ ಸೂಜಿ ಚುಚ್ಚಿದ ಹಾಗೆ ಆದರೆ ಟ್ರೆಬಲ್, ಅಂದರೆ ಮೇಲಿನ ಸ್ವರಗಳು, ಜಾಸ್ತಿ. ಐದು ನಿಮಿಷಕ್ಕೆ ಇದು ಚುರುಕಾದ ಸೌಂಡ್ ಅನಿಸಬಹುದು. ಒಂದು ಗಂಟೆಗೆ ತಲೆನೋವು.

ಇದೇ ಹೊತ್ತಿಗೆ ಇನ್ನೊಂದನ್ನು ಗಮನಿಸಿ. ಒಬ್ಬರೇ ಓದುವ ದನಿ ನಿಮ್ಮ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಮೊದಲು ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಡ–ಬಲ ಬ್ಯಾಲೆನ್ಸ್ ನಡುವೆ ಇದೆಯಾ ನೋಡಿ, ಟಿಪ್ ಸರಿಯಾಗಿ ಕೂತಿದೆಯಾ ನೋಡಿ. ಎರಡೂ ಸರಿಯಿದ್ದೂ ವಾಲುತ್ತಿದ್ದರೆ ಬಡ್‌ನಲ್ಲೇ ದೋಷ. ಬದಲಿಸಿಕೊಳ್ಳಿ.

ಬೇಸ್‌ಗೆ ಮೃದಂಗಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಎಡಗಡೆಯ ಗುಂಕಾರ ದುಂಡಗೆ ಬಂದು ನಿಲ್ಲಬೇಕು, ಬಲಗಡೆಯ ಪೆಟ್ಟು ಅದರ ಮೇಲೆ ಚೊಕ್ಕವಾಗಿ ಕೇಳಬೇಕು. ಕೆಟ್ಟ ಬಡ್‌ನಲ್ಲಿ ಎಲ್ಲವೂ ಒಂದೇ ಗುಂಯ್ ಆಗುತ್ತದೆ, ಒಂದು ಪೆಟ್ಟಿನ ಬಾಲ ಇನ್ನೊಂದನ್ನು ನುಂಗುತ್ತದೆ. ಅಗ್ಗದ ಬಡ್‌ಗಳಲ್ಲಿ ತುಂಬ ಕಡೆ ಕಾಣುವ ದೋಷ ಇದೇ. ಬೇಸ್ ಬಹಳ ಇರುತ್ತದೆ, ಆಕಾರ ಇರುವುದಿಲ್ಲ. ಡೊಳ್ಳಿನ ರೆಕಾರ್ಡಿಂಗ್ ಇದ್ದರೆ ಅದನ್ನೂ ಹಾಕಿ. ಹತ್ತಾರು ಡೊಳ್ಳು ಒಟ್ಟಿಗೆ ಬಡಿದಾಗ ಪೆಟ್ಟುಗಳು ಎಣಿಸಲು ಬರುವಂತಿರಬೇಕು.

ಮೇಲಿನ ಸ್ವರಗಳಿಗೆ ಯಕ್ಷಗಾನದ ಚಂಡೆ, ಭಜನೆಯ ತಾಳ. ಚಂಡೆಯ ಏಟು ಮೊನಚಾಗಿರಬೇಕು, ಆದರೆ ಕಿವಿ ಕೊರೆಯಬಾರದು. ತಾಳದ ಸದ್ದು ಟಿಣ್ ಅಂತ ಹುಟ್ಟಿ ಮೆಲ್ಲಗೆ ಕರಗಬೇಕು. 'ಚಿಸ್' ಅಂತ ಹುಟ್ಟಿ ಅಲ್ಲೇ ಸತ್ತರೆ ವಿವರ ಕಡಿಮೆ. ಕೊನೆಗೆ ಒಂದು ಶಾಸ್ತ್ರೀಯ ಕಛೇರಿ: ಗಾಯಕರ ಹಿಂದೆ ತಂಬೂರಿ ಬಿಡದೆ ಕೇಳುತ್ತಿದೆಯಾ, ಪಿಟೀಲು ಹಾಡಿಗೆ ಅಂಟಿಕೊಳ್ಳದೆ ಪಕ್ಕದಲ್ಲಿ ನಿಂತಿದೆಯಾ? ಎರಡು ಸಾವಿರದೊಳಗೆ ಇದು ಪೂರ್ತಿ ಸಿಗುವುದು ಅಪರೂಪ. ತಂಬೂರಿ ಕೇಳಿಸಿದರೆ ಆ ಬಡ್ಡನ್ನು ನಾನು ಇಟ್ಟುಕೊಳ್ಳುತ್ತೇನೆ.

ಈಗ ಅವೇ ಹಾಡುಗಳನ್ನು ವಾಲ್ಯೂಮ್ ಕಾಲುಭಾಗಕ್ಕೆ ಇಳಿಸಿ ಕೇಳಿ. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಬೇಸ್ ಇನ್ನೂ ಕಡಿಮೆ ಕೇಳಿಸುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಮೆಲ್ಲಗೆ ಇಟ್ಟರೂ ಹಾಡು ತುಂಬಿದಂತೆ ಕೇಳುವ ಬಡ್ ಒಳ್ಳೆಯದು, ಏಕೆಂದರೆ ನೀವು ಅದನ್ನು ಏರಿಸಲು ಹೋಗುವುದಿಲ್ಲ. ಆಮೇಲೆ ಹತ್ತು ಸೆಕೆಂಡ್ ಮಾತ್ರ ಮುಕ್ಕಾಲಿಗೆ ಏರಿಸಿ, ಬಿರುಕು ಬಿಟ್ಟ ಹಾಗೆ ಪರಪರ ಅನ್ನುತ್ತದಾ ನೋಡಿ. ಕೂಡಲೇ ಇಳಿಸಿ.

ಎರಡು ಬಡ್ ಹೋಲಿಸುವುದಾದರೆ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಸ್ವಲ್ಪ ಜೋರಾಗಿರುವುದೇ ನಮಗೆ ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ, ಅಂಗಡಿಯಲ್ಲಿ ಮನಸ್ಸು ಕದಿಯುವುದು ಅದೇ. "ಇಪ್ಪತ್ತು ಗಂಟೆ ಓಡಿಸಿ ಸಾರ್, ಸೌಂಡ್ ತೆರೆದುಕೊಳ್ಳುತ್ತದೆ" ಎನ್ನುವವರ ಮಾತು ನಂಬಿ ರಿಟರ್ನ್ ದಿನ ಕಳೆಯಬೇಡಿ. ಅಷ್ಟು ಹೊತ್ತಿಗೆ ನಿಮ್ಮ ಕಿವಿಗೆ ಅದು ರೂಢಿಯಾಗಿರುತ್ತದೆ ಅಷ್ಟೇ. ಬೇಸ್ ಮಾತ್ರ ಜಾಸ್ತಿ, ಉಳಿದದ್ದೆಲ್ಲ ಸರಿ ಅನಿಸಿದರೆ ಈಕ್ವಲೈಜರ್‌ನಲ್ಲಿ ಎಡತುದಿಯ ಗುಂಡಿಗಳನ್ನು ಸ್ವಲ್ಪ ಇಳಿಸಿ. ಇಳಿಸುವುದರಿಂದ ಸರಿಹೋಗುವಷ್ಟು ಏರಿಸುವುದರಿಂದ ಸರಿಹೋಗುವುದಿಲ್ಲ.

ಹಂತ 6: ಕಾಲ್ ಮಾಡಿ ನೋಡಿ

ತಂಗಿಗೋ ಗೆಳೆಯನಿಗೋ ಫೋನ್ ಮಾಡಿ. ಮೊದಲು ಮನೆಯಿಂದ, ಆಮೇಲೆ ಟ್ರಾಫಿಕ್ ಇರುವ ರಸ್ತೆಯ ಬದಿಯಿಂದ, ಕೊನೆಗೆ ಜೋರಾಗಿ ತಿರುಗುವ ಫ್ಯಾನ್ ಕೆಳಗಿನಿಂದ. "ಕೇಳಿಸ್ತಾ ಇದೆಯಾ" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಹತ್ತು ಪದ ಓದಿ, ಅವರು ಬರೆದುಕೊಳ್ಳಲಿ: ಬೆಳೆ, ಬೆಲೆ, ಕಾಲು, ಕಾಳು, ಸರ, ಶರ, ಹೀಗೆ. ಎಂಟು ಸರಿಯಾದರೆ ಮೈಕ್ ಸಾಕಷ್ಟು ಒಳ್ಳೆಯದು.

ಒಂದು ವಿಷಯ ತಿಳಿದಿರಲಿ. ಮೈಕ್ ಶುರುವಾದ ಕೂಡಲೇ ಹೆಚ್ಚಿನ ಬ್ಲೂಟೂತ್ ಬಡ್‌ಗಳು ಕಾಲ್‌ಗೆಂದೇ ಇರುವ ಬೇರೆ ಮೋಡ್‌ಗೆ ಹೋಗುತ್ತವೆ. ಆಗ ನೀವು ಕೇಳುವ ಸೌಂಡ್ ತೆಳ್ಳಗಾಗುತ್ತದೆ. ಅದು ಬಡ್‌ನ ದೋಷ ಅಲ್ಲ. ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಇದ್ದಾಗ ಮೈಕ್ ಲ್ಯಾಪ್‌ಟಾಪ್‌ದೇ ಇರಲಿ ಅಂತ ಆರಿಸಿ, ಬಡ್‌ನಲ್ಲಿ ಕೇಳಿ ಮಾತ್ರ. ನೀವು ಕೇಳುವ ಸದ್ದು, ಅವರಿಗೆ ಕೇಳುವ ನಿಮ್ಮ ದನಿ ಎರಡೂ ಸುಧಾರಿಸುತ್ತವೆ.

ಹಂತ 7: ಮನೆಯಿಂದ ಹೊರಗೆ ಒಯ್ಯಿರಿ

ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟು ನಡೆಯಿರಿ. ಬ್ಲೂಟೂತ್ ಅಲೆಯನ್ನು ನಮ್ಮ ಮೈಯೇ ತಡೆಯುತ್ತದೆ. ಆಗಲೂ ಕಡಿಯದೆ ಬರಬೇಕು. ಮೆಜೆಸ್ಟಿಕ್‌ನಂಥ ಜನಜಂಗುಳಿಯಲ್ಲಿ ಹತ್ತು ನಿಮಿಷ ಕೇಳಿ. ಸಾವಿರಾರು ಫೋನುಗಳ ನಡುವೆ ಒಂದೆರಡು ಸಲ ತೊದಲಿದರೆ ಸರಿ, ನಿಮಿಷಕ್ಕೊಮ್ಮೆ ಆದರೆ ಬೇಡ.

ಮೆಟ್ರೊದಲ್ಲಿ ವಿಧಾನಸೌಧದಿಂದ ಮೆಜೆಸ್ಟಿಕ್ ಕಡೆಗೆ ಸುರಂಗದಲ್ಲಿ ಹೋಗುವಾಗ ಗಮನಿಸಿ: ವಾಲ್ಯೂಮ್ ಎಷ್ಟು ಏರಿಸಬೇಕಾಯಿತು? ಮನೆಯಲ್ಲಿ ಅರ್ಧ ಸಾಕಾಗಿದ್ದು ಇಲ್ಲಿ ಪೂರ್ತಿ ಬೇಕಾದರೆ ಆ ಬಡ್ ನಿಮ್ಮ ಪ್ರಯಾಣಕ್ಕೆ ಆಗದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಷ್ಟೂ ಆ ಗಂಟೆಗಳು ಬೇಗ ಬೇಗ ಇಳಿಯುತ್ತವೆ. ಬೈಕ್ ಓಡಿಸುವಾಗ ಬಡ್ ಬೇಡವೇ ಬೇಡ.

ಎಎನ್‌ಸಿ ಇದ್ದರೆ ಹಾಡು ಹಾಕದೆ ಫ್ಯಾನ್ ಕೆಳಗೆ ಕೂತು ಆನ್, ಆಫ್ ಮಾಡಿ. ಫ್ಯಾನಿನ ಗುಯ್ ಇಳಿಯಬೇಕು. ಬಸ್ ಎಂಜಿನ್, ಎಸಿ ಇಂಥ ಒಂದೇ ಸಮ ಬರುವ ದಪ್ಪ ಸದ್ದಿಗೆ ಅದು ಕೆಲಸ ಮಾಡುತ್ತದೆ. ಪಕ್ಕದವರ ಮಾತು, ಅಡುಗೆಮನೆಯ ಮಿಕ್ಸಿ ಇವನ್ನು ಅಷ್ಟಾಗಿ ತಡೆಯುವುದಿಲ್ಲ. ಆನ್ ಮಾಡಿದಾಗ ಸುಯ್ ಅನ್ನುವ ಹೊಸ ಸದ್ದು ಸೇರಿದರೆ, ಅದು ನಿಮ್ಮನ್ನು ಕಾಡುತ್ತದಾ ಅಂತ ನೀವೇ ನೋಡಿ.

ಸದ್ದು ತಡವಾಗುವುದನ್ನು ಗೇಮ್‌ನಲ್ಲೇ ನೋಡಬೇಕು. ವಿಡಿಯೊ ಆ್ಯಪ್‌ಗಳು ಸಾಮಾನ್ಯವಾಗಿ ಚಿತ್ರವನ್ನು ಸದ್ದಿಗೆ ಹೊಂದಿಸಿಕೊಳ್ಳುತ್ತವೆ, ಆದ್ದರಿಂದ ತುಟಿ ಚಲನೆ ನೋಡಿ ತೀರ್ಮಾನಿಸಬೇಡಿ.

ಹಂತ 8: ಎರಡು ಗಂಟೆ ಹಾಕಿಕೊಂಡಿರಿ, ಚಾರ್ಜ್ ಅಳೆಯಿರಿ

ಹತ್ತು ನಿಮಿಷಕ್ಕೆ ಎಲ್ಲ ಬಡ್‌ಗಳೂ ಆರಾಮಾಗಿರುತ್ತವೆ. ಒಂದು ಭಾನುವಾರ ಎರಡು ಗಂಟೆ ತೆಗೆಯದೆ ಇಟ್ಟುಕೊಳ್ಳಿ. ತೆಗೆದ ಮೇಲೆ ಕಿವಿಯ ಬಟ್ಟಲನ್ನು ಬೆರಳಲ್ಲಿ ಮುಟ್ಟಿ ನೋಡಿ. ಒಂದೇ ಜಾಗ ನೋಯುತ್ತಿದ್ದರೆ ಬಡ್‌ನ ದೇಹವೇ ನಿಮ್ಮ ಕಿವಿಗೆ ದೊಡ್ಡದು, ಟಿಪ್ ಬದಲಿಸಿ ಪ್ರಯೋಜನವಿಲ್ಲ. ಕಿವಿಯ ಒಳಗೆ ನೋವಾದರೆ ಚಿಕ್ಕ ಟಿಪ್ ಹಾಕಿ ಮರುದಿನ ಮತ್ತೆ ನೋಡಿ. ತುರಿಕೆ ಬಂದರೆ ನಿಲ್ಲಿಸಿಬಿಡಿ. ಮಲಗಿ ಕೇಳುವ ಅಭ್ಯಾಸ ಇದ್ದವರು ದಿಂಬಿಗೆ ಕಿವಿ ಒತ್ತಿಯೂ ನೋಡಿ.

ಅದೇ ದಿನ ಪೂರ್ತಿ ಚಾರ್ಜ್‌ನಿಂದ ಶುರು ಮಾಡಿ, ಬಡ್ ಆರುವವರೆಗೆ ಎಷ್ಟು ಹೊತ್ತು ಬಂತು ಬರೆದಿಡಿ. ಎಡ, ಬಲ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಆರಬೇಕು. ಒಂದು ಮುಂಚೆಯೇ ಆರಿದರೆ ಅದರ ಬ್ಯಾಟರಿ ಅಥವಾ ಕೇಸಿನ ಪಿನ್ ಸರಿಯಿಲ್ಲ. ಕೇಸನ್ನು ಎರಡೂ ತುದಿ ಸಿ ಇರುವ ಕೇಬಲ್‌ನಲ್ಲೂ ಚಾರ್ಜ್ ಮಾಡಿ ನೋಡಿ. ಕೆಲವು ಅಗ್ಗದ ಕೇಸ್‌ಗಳು ಹಳೆಯ ಅಗಲ ಪಿನ್‌ನ ಕೇಬಲ್‌ನಲ್ಲಿ ಮಾತ್ರ ಚಾರ್ಜ್ ಆಗುತ್ತವೆ.

ಹಂತ 9: ಬೆಲೆಯ ಲೆಕ್ಕ

ಪೆಟ್ಟಿಗೆಯ ಮೇಲೆ 4,990, ನಿಮಗೆ 1,099. ಈ ರಿಯಾಯಿತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ವರ್ಷವಿಡೀ ಆ ಬೆಲೆಗೇ ಮಾರುವ ವಸ್ತು ಅದು. ಕೊಡುವ ದುಡ್ಡನ್ನು ತಿಂಗಳಿಗೆ ಭಾಗಿಸಿ. 700 ರೂಪಾಯಿಯದ್ದು ಆರು ತಿಂಗಳಿಗೆ ಕೆಟ್ಟರೆ ತಿಂಗಳಿಗೆ 117 ರೂಪಾಯಿ ಬಿತ್ತು. 1,600ರದ್ದು ಎರಡು ವರ್ಷ ಬಂದರೆ 67 ಕೂಡ ಆಗುವುದಿಲ್ಲ. ಬಡ್‌ನೊಳಗಿನ ಬ್ಯಾಟರಿ ಬದಲಿಸಲು ಬರುವಂಥದ್ದಲ್ಲ, ಆದ್ದರಿಂದ ಎರಡು–ಮೂರು ವರ್ಷಕ್ಕಿಂತ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ. ಮೊದಲ ದಿನ ಐದು ಗಂಟೆ ಬರುವ ಬಡ್ ಆಮೇಲೆ ಕುಗ್ಗುತ್ತಾ ಹೋಗುತ್ತದೆ.

ಕೊಳ್ಳುವ ಮುಂಚೆ ಕಂಪನಿಗೆ ಎರಡು ಪ್ರಶ್ನೆ ಕೇಳಿ. ಒಂದು ಬಡ್ ಕಳೆದುಹೋದರೆ ಅದೊಂದನ್ನೇ ಕೊಡುತ್ತೀರಾ, ಎಷ್ಟಕ್ಕೆ? ನಮ್ಮೂರಿನಲ್ಲಿ ಸರ್ವಿಸ್ ಸೆಂಟರ್ ಇದೆಯಾ? ಹಾಸನದಲ್ಲಿರುವ ನನ್ನ ಅಣ್ಣ ಒಂದು ಬಡ್ಡನ್ನು ರಿಪೇರಿಗೆ ಎರಡು ಸಲ ಬೆಂಗಳೂರಿಗೆ ಕೊರಿಯರ್ ಮಾಡಿ, ಮೂರನೇ ಸಲ ಕೆಟ್ಟಾಗ ಕೈಬಿಟ್ಟ. ವಾರಂಟಿ ಕಾಗದದಲ್ಲಿ ನೀರಿನಿಂದ ಆದ ಹಾನಿ ಸೇರುತ್ತದಾ ಅಂತಲೂ ಓದಿ, ಐಪಿಎಕ್ಸ್ ಅಂಕಿ ಇದ್ದೂ ಸೇರಿಸದ ಕಂಪನಿಗಳಿವೆ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಬಿಲ್ಲಿನ ಫೋಟೊ ಫೋನಿನಲ್ಲಿರಲಿ.

ಇಟ್ಟುಕೊಂಡ ಮೇಲೆ

ಆರು ತಿಂಗಳಾದ ಮೇಲೆ ಒಂದು ಕಡೆ ಸದ್ದು ಇಳಿಯಿತು ಅಂದರೆ ಕೆಟ್ಟಿತು ಅಂತ ಎಸೆಯಬೇಡಿ. ಬಹಳ ಸಲ ಅದು ಜಾಲರಿಗೆ ಕೂತ ಗುಗ್ಗೆ. ಟಿಪ್ ತೆಗೆದು, ಜಾಲರಿ ಕೆಳಮುಖವಾಗಿ ಹಿಡಿದು, ಒಣ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಕೆಳಮುಖ ಇದ್ದರೆ ಕೊಳೆ ಹೊರಗೆ ಬೀಳುತ್ತದೆ, ಒಳಗೆ ಹೋಗುವುದಿಲ್ಲ. ಪಿನ್ನು, ಸೂಜಿ ಹಾಕಬೇಡಿ, ಜಾಲರಿ ಹರಿಯುತ್ತದೆ. ಟಿಪ್‌ಗಳನ್ನು ಮಾತ್ರ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಕೇಸಿನೊಳಗಿನ ಚಿನ್ನದ ಬಣ್ಣದ ಪಿನ್‌ಗಳನ್ನು ತಿಂಗಳಿಗೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಅಮ್ಮನ ಬಡ್ ಹೋದ ದೀಪಾವಳಿಗೆ ಒಂದು ಕಡೆ ಚಾರ್ಜ್ ಆಗುವುದು ನಿಲ್ಲಿಸಿತ್ತು. ಪಿನ್ ಒರೆಸಿದ ಮೇಲೆ ಇವತ್ತಿನವರೆಗೂ ನಡೆಯುತ್ತಿದೆ.